ಅತ್ತಿಯ ಹಲ್ಲು, ನಮ್ಮ ಕಂಪ್ಯೂಟರು

ನಮ್ಮ ಮನೆಗೆ ಹೊಸ ಸಾಮಾನು ಸುಮ್ಮನೆ ಬಂದದ್ದೇ ಇಲ್ಲ. ಮಿಕ್ಸರ್ ತಂದ ದಿನ ಓಣಿಯವರೆಲ್ಲ ತಮ್ಮ ತಮ್ಮ ಒಣಖೊಬ್ಬರಿ ಹಿಡಿದುಕೊಂಡು ಬಂದರು. ಕಪಾಟು ತಂದಾಗ ಅದು ಬಾಗಿಲಲ್ಲಿ ಹಿಡಿಸದೆ ಎರಡು ದಿನ ಅಂಗಳದಲ್ಲೇ ನಿಂತಿತು. ನಾನು ಆಫೀಸಿಗೆ ಹೋಗುವಾಗ ಅಂಗಳದಲ್ಲೇ ಅಂಗಿ ಬದಲಿಸಿದೆ. ಹೀಗಿರುವಾಗ ಹಾಡು ಹಿಡಿಯುವ ಕಂಪ್ಯೂಟರು ಮಾತ್ರ ಸುಮ್ಮನೆ ಬಂದೀತೆ?

ಅದು ಬೇಕಾದದ್ದು ನನ್ನ ಅತ್ತಿಗಾಗಿ. ಅತ್ತಿ ಎಂದರೆ ಅಪ್ಪನ ಅಕ್ಕ. ದೇಸೂರಿನಲ್ಲಿ ರೈಲು ಹಳಿಯ ಬಾಜೂಕೇ ಅವಳ ಮನೆ. ನಮ್ಮದು ಕುರಿ ಕಾಯ್ದ ಮನೆತನ. ನಾನು ಖಾನಾಪುರದ ಶಾಲೆಯೊಂದರಲ್ಲಿ ಗುಮಾಸ್ತನಾಗಿ, ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಮಾಡಿಕೊಂಡು ಪ್ಯಾಂಟು ಹಾಕಿಕೊಂಡಿದ್ದೇನೆ, ಅಷ್ಟೇ. ಅತ್ತಿ ಮಾತ್ರ ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾದರೂ ದಿನಾ ಒಂದಿಷ್ಟು ಜೋಳ ಬೀಸುಕಲ್ಲಿನಲ್ಲಿ ತಾನೇ ಬೀಸುತ್ತಾಳೆ, ಬೀಸುತ್ತ ಹಾಡುತ್ತಾಳೆ. ಅವಳ ಗಂಡನ ತಾಯಿ ಕಲಿಸಿದ ಹನ್ನೊಂದು ಬೀಸುವ ಪದಗಳು, ಅಂದರೆ ಹಾಡುಗಳು. ನಮ್ಮಲ್ಲಿ ಇನ್ಯಾರಿಗೂ ಅವು ಬರುವುದಿಲ್ಲ, ಕಲಿಯುವಷ್ಟು ಬುದ್ಧಿಯನ್ನು ನಾವ್ಯಾರೂ ತೋರಿಸಲಿಲ್ಲ.

ಈಗ ಹಲ್ಲಿನ ಡಾಕ್ಟರು ಅವಳ ಬಾಯಿ ನೋಡಿ, ಉಳಿದ ಒಂಬತ್ತೂ ಹಲ್ಲು ತೆಗೆಯಬೇಕೆಂದು ತಿಂಗಳ ಕೊನೆಯ ಸೋಮವಾರ ಗೊತ್ತುಮಾಡಿಬಿಟ್ಟರು. ಅತ್ತಿ ನೋವಿಗೆ ಹೆದರಲಿಲ್ಲ. "ಹಲ್ಲು ಹೋದವಂದ್ರ ಪದದಾಗ ಮಾತು ನಿಂದರೂದಿಲ್ಲೋ ತಮ್ಮಾ, ಬರೇ ಗಾಳಿ ಬರತೈತಿ," ಎಂದಳು. ಅಂದೇ ಅವಳು ಬೀಸುತ್ತ ಹಾಡುವುದನ್ನು ಮೊಬೈಲಿನಲ್ಲಿ ಹಿಡಿದು ನೋಡಿದೆ. ಬರೀ ಕಲ್ಲು ಗರಗರ ಅಂದಿತು, ಅತ್ತಿಯ ದನಿ ಕೇಳಿಸಲೇ ಇಲ್ಲ. ಅದಕ್ಕೇ ಒಂದು ನಿರ್ಧಾರ ಮಾಡಿದೆ: ಕಲ್ಲು ಬೇಡ, ರೈಲು ಬೇಡ, ಅತ್ತಿಯನ್ನು ನಮ್ಮ ಮನೆಗೆ ಕರೆತಂದು, ಸಪ್ಪಳವೇ ಇಲ್ಲದ ಕೋಣೆಯಲ್ಲಿ, ಸಪ್ಪಳವೇ ಮಾಡದ ಕಂಪ್ಯೂಟರಿನಲ್ಲಿ ಹಾಡು ಹಿಡಿಯುವುದು. ನನ್ನ ಈ ಬುದ್ಧಿವಂತಿಕೆಯ ಫಲ ಮುಂದೆ ಬರುತ್ತದೆ.

೧. ಹೋದವರು ಯಾರು?

ಶಿವಬಸವ ನಗರದಲ್ಲಿ ಕಂಪ್ಯೂಟರು ಜೋಡಿಸಿಕೊಡುವವರೊಬ್ಬರಿದ್ದಾರೆ. ಹಣೆಗೆ ಮೂರು ಬೆರಳು ವಿಭೂತಿ, ಕೈಯಲ್ಲಿ ಸ್ಕ್ರೂಡ್ರೈವರ್. "ಒಂದು ಛಲೋ ಕಂಪ್ಯೂಟರ್ ಕೊಡ್ರಿ," ಎಂದೆ.

"ಹಾಡಾವರು ಯಾರ್ರಿ?"

"ನಮ್ಮ ಅತ್ತಿ."

"ವಯಸ್ಸೆಷ್ಟು? ಕುಂತು ಹಾಡತಾರೋ, ನಿಂತೋ? ದನಿ ಸಣ್ಣದೋ ದೊಡ್ಡದೋ?"

ನಾನು ಕಂಪ್ಯೂಟರು ಕೇಳಲು ಬಂದೆನೋ, ಅತ್ತಿಗೆ ವರ ನೋಡಲು ಬಂದೆನೋ ನನಗೇ ಅನುಮಾನವಾಯಿತು. ಆದರೆ ಮನುಷ್ಯ ಖರೇ ಕಸುಬುದಾರ. ನಾನು ಯಾರೋ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದ ಚೀಟಿಯನ್ನು ಓದಿ ಒಂದೊಂದಾಗಿ ಹೊಡೆದುಹಾಕುತ್ತ ಹೋದರು. "ಗ್ರಾಫಿಕ್ಸ್ ಕಾರ್ಡ್ ಯಾಕ್ರಿ? ಅತ್ತಿಯವರು ಗೇಮ್ ಆಡತಾರೇನು?" ಬಣ್ಣಬಣ್ಣದ ದೀಪ ಹತ್ತುವ ಪೆಟ್ಟಿಗೆಯ ಮೇಲೆ ನನ್ನ ಕಣ್ಣಿತ್ತು. "ಲಗ್ನದ ಮಂಟಪಕ್ಕ ಬೇಕಾದ್ರ ಒಯ್ರಿ," ಎಂದು ಅದನ್ನೂ ತೆಗೆದರು. ಪ್ರೊಸೆಸರ್ ನಡುಮಧ್ಯದ್ದು ಸಾಕು, ರ‍್ಯಾಮ್ ಸ್ವಲ್ಪ ಜಾಸ್ತಿ ಇರಲಿ, ತಿರುಗುವ ಹಾರ್ಡ್‌ಡಿಸ್ಕ್ ಬೇಡವೇ ಬೇಡ, ಅದು ಕಿರುಗುಡುತ್ತದೆ ಎಂದರು. ಕೊನೆಗೆ ಉಳಿದದ್ದು ಫ್ಯಾನು. ಪೆಟ್ಟಿಗೆ ಬಿಸಿಯಾಗದಿರಲು ಫ್ಯಾನು ಬೇಕು, ಆದರೆ ಅದರ ಸಪ್ಪಳ ಮೈಕಿಗೆ ಬೀಳಬಾರದು.

ಅವರು ಫ್ಯಾನುಗಳನ್ನು ಒಂದೊಂದಾಗಿ ಚಾಲೂ ಮಾಡಿ ಕಿವಿಗೆ ಹಿಡಿದು ಕೇಳತೊಡಗಿದರು. ಮೇಲಿನ ಪಂಖಾ ಅಡ್ಡ ಬರುತ್ತದೆಂದು ಅದನ್ನು ಬಂದ್ ಮಾಡಿದರು. ಅಂಗಡಿಯಲ್ಲಿದ್ದ ಐದಾರು ಗಿರಾಕಿಗಳಿಗೆ "ಒಂದೈದು ನಿಮಿಷ ಉಸರು ಸಣ್ಣಗ ಬಿಡ್ರಿ" ಎಂದರು. ಆ ಧಗೆಯಲ್ಲಿ ಎಲ್ಲರೂ ಕೈಕಟ್ಟಿ, ತಲೆ ತಗ್ಗಿಸಿ, ಮುಖದ ಮೇಲೆ ಬೆವರಿಳಿಸುತ್ತ ನಿಂತೆವು. ಒಂದು ಫ್ಯಾನನ್ನು ಕೇಳಿ ಅವರು ತಲೆಯಾಡಿಸಿ ನಿಟ್ಟುಸಿರು ಬಿಟ್ಟರು.

ರಸ್ತೆಯಲ್ಲಿ ಹೊರಟಿದ್ದ ಹಿರಿಯರೊಬ್ಬರು ಒಳಗೆ ನೋಡಿದರು. ಮೆಲ್ಲಗೆ ಚಪ್ಪಲಿ ಬಿಟ್ಟು, ಟೊಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಪಕ್ಕದಲ್ಲಿ ತಾವೂ ತಲೆ ತಗ್ಗಿಸಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಕಿವಿಯಲ್ಲಿ ಕೇಳಿದರು: "ಹೋದವರು ಯಾರ್ರಿ?"

"ಫ್ಯಾನ್ರಿ," ಎಂದೆ. "ಬೇರಿಂಗ್ ಹೋಗೈತಿ."

೨. ಡ್ರಾಯಿಂಗ್ ಮಾಸ್ತರರ ರಿಯಾಜು

ಮೈಕಿನ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು. ಖಾನಾಪುರದವರೇ, ಮನೆಮಾತು ಮರಾಠಿ, ಭಜನಾ ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಾರೆ. ಮನೆಗೆ ಕರೆದುಕೊಂಡು ಹೋಗಿ ತಮ್ಮ ಮೈಕು ತೋರಿಸಿದರು.

"ಇದು ಕಂಡೆನ್ಸರ್ ಮೈಕ್ ಸರ್. ಭಾಳ ಬೆರಕಿ. ಕೇಳಬಾರದ್ದನ್ನೂ ಕೇಳತೈತಿ," ಎಂದರು.

ಏನು ಕೇಳಿತು ಎಂದು ವಿಚಾರಿಸಿದೆ. ಹೋದ ವರ್ಷ ಮಂಡಳಿಯ ಭಜನೆಯನ್ನು ಇದೇ ಮೈಕಿನಲ್ಲಿ ಹಿಡಿದಿದ್ದರಂತೆ. ಆಮೇಲೆ ಎಲ್ಲರೂ ಕೂತು ಕೇಳುವಾಗ, ಎರಡು ಅಭಂಗಗಳ ನಡುವಿನ ಮೌನದಲ್ಲಿ, ಕಿಟಕಿಯಾಚೆ, ಮಾಸ್ತರರು ವಹಿನಿ ಎಂದು ಕರೆಯುವ ಪಕ್ಕದ ಮನೆಯಾಕೆ ತಮ್ಮ ಯಜಮಾನರಿಗೆ ಹೇಳಿದ ಮಾತು ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸಿತಂತೆ: ಎಲ್ಲರೂ ಛಲೋ ಹಾಡುತ್ತಾರೆ, ಆ ಪೇಟಿಯವನೊಬ್ಬ ನಿಲ್ಲಿಸಿದರೆ ದೇವರೂ ಕೇಳ್ಯಾನು.

ಮಂಡಳಿಯವರೆಲ್ಲ ನೆಲ ನೋಡಿದರಂತೆ. ನಾನೂ ಈಗ ನೆಲವನ್ನೇ ನೋಡಿದೆ. "ಅದನ್ನ ಅಳಿಸಿಬಿಟ್ಟಿರಬೇಕಲ್ರಿ?" ಎಂದೆ.

"ಛೇ ಛೇ! ಭಜನಿ ಅಳಿಸಿದ್ನಿ. ವಹಿನಿ ಮಾತು ಇಟಗೊಂಡೀನಿ. ರೋಜ ಮುಂಜಾನೆ ಒಮ್ಮಿ ಅದನ್ನ ಕೇಳತೀನಿ, ಆಮ್ಯಾಲ ಎರಡು ತಾಸು ರಿಯಾಜ್."

ನಾನು ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಟೀಕೆ ಮಾಡಿದವರ ಜೊತೆ ಮಾತು ಬಿಟ್ಟವರನ್ನು ಕಂಡಿದ್ದೇನೆ; ಅದನ್ನೇ ಗುರುವಾಗಿ ಇಟ್ಟುಕೊಂಡವರನ್ನು ಕಂಡದ್ದು ಅಂದೇ. ಈಗ ಪೇಟಿ ಹೇಗಿದೆ ಎಂದು ಕೇಳಿದ್ದಕ್ಕೆ ಅವರು ನುಡಿಸಿ ತೋರಿಸಿದರು. ಭಾಳ ಸುಂದರವಾಗಿತ್ತು. ನುಡಿಸಿ ಮುಗಿಸಿ ತಾವೇ ಎದ್ದು ಕಿಟಕಿಯ ಹತ್ತಿರ ಹೋಗಿ ಕಿವಿಗೊಟ್ಟು ನಿಂತರು.

"ಇವತ್ತ ವಹಿನಿ ಏನೂ ಅನ್ನಲಿಲ್ಲ," ಎಂದರು ಸಂತೋಷದಿಂದ. ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು: "ಅವರು ಊರಿಗೆ ಹೋಗಿ ಎಂಟ ದಿನ ಆತು!"

೩. ಅಂಟಿನ ಉಂಡಿ

ಕಂಪ್ಯೂಟರು ಜೋಡಣೆಯಾಗಿ ಮನೆಗೆ ಬಂತು. ಮೈಕೂ ಬಂತು, ಅದನ್ನು ಕಂಪ್ಯೂಟರಿಗೆ ಹೊಂದಿಸುವ ಸಣ್ಣ ಆಡಿಯೋ ಡಬ್ಬಿಯೂ ಬಂತು. ಅಂಗಡಿಯವರು ತಾವೇ ಬಂದು ಹಿಂದಿನ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, "ಗೋಡಿ ತಿರುಗಿ ಮಾತಾಡತೈತ್ರಿ. ಫೋಮ್ ಬಡೀಬೇಕು," ಎಂದರು.

ನನ್ನ ಹೆಂಡತಿ ಅಟ್ಟದಿಂದ ಟ್ರಂಕು ಇಳಿಸಿದಳು. ಅದರ ತುಂಬ ನಮ್ಮ ಹಿರಿಯರ ಕರಿಕಂಬಳಿಗಳು. ನಾಲ್ಕೂ ಗೋಡೆಗೆ ಕಂಬಳಿ ಇಳಿಬಿಟ್ಟು, ಕಿಟಕಿ ಮುಚ್ಚಿ, ಬಾಗಿಲಿಗೂ ಒಂದನ್ನು ಹಾಕಿದಳು. ಅಂಗಡಿಯವರು ಮತ್ತೆ ಚಪ್ಪಾಳೆ ತಟ್ಟಿದರು. ಸಪ್ಪಳ ಹುಟ್ಟಿದಲ್ಲೇ ಸತ್ತಿತು. ಅವರು ಕಂಬಳಿಯನ್ನು ಮುಟ್ಟಿ ಮುಟ್ಟಿ ನೋಡಿ, "ಅಕ್ಕಾರ, ನಾ ಇಷ್ಟ ದಿನ ಮಂದಿಗೆ ಸುಮ್ಮನ ಫೋಮ್ ಮಾರೀನಿ," ಎಂದರು. ಹೆಂಡತಿಯ ತಲೆ ಆಮೇಲೆ ಎರಡು ದಿನ ಕೆಳಗಿಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

ಎರಡನೆಯ ದಿನ ಎದುರುಮನೆಯ ಅಜ್ಜಿ ಡಬ್ಬಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಡಬ್ಬಿಯ ತುಂಬ ಅಂಟಿನ ಉಂಡಿ, ನಮ್ಮಲ್ಲಿ ಹಡೆದವರಿಗೆ ಕೊಡುವಂಥವು. ಮುಚ್ಚಿದ ಕಿಟಕಿ, ಬಾಗಿಲಿಗೆ ಕಂಬಳಿ, ಒಳಗೆ ಎಲ್ಲರೂ ಪಿಸುಮಾತು. ಅಜ್ಜಿ ಎರಡು ದಿನ ಗಮನಿಸಿ ತಮ್ಮ ಲೆಕ್ಕ ಹಾಕಿಬಿಟ್ಟಿದ್ದರು.

"ಬಾಣಂತನ ಯಾರದವಾ?" ಎಂದು ಐವತ್ತು ದಾಟಿದ ನನ್ನ ಹೆಂಡತಿಯನ್ನು ಅಜ್ಜಿ ಒಂದು ನಮೂನೆ ನೋಡಿದರು. ಹೆಂಡತಿ ನನ್ನನ್ನು ನೋಡಿದಳು. ತಂತಿ ಜೋಡಿಸುತ್ತಿದ್ದ ಅಂಗಡಿಯವರು ಆಗಲೇ ಒಂದು ಉಂಡಿ ಬಾಯಿಗೆ ಹಾಕಿಕೊಂಡಿದ್ದರು.

"ಕಂಪ್ಯೂಟರಿನದ್ರಿ ಯವ್ವಾ," ಎಂದರು ಅವರು. "ಕೂಸು ಭಾಳ ಶಾಣ್ಯಾ ಐತಿ, ಅಳೂದ ಇಲ್ಲ."

೪. ಕೈಗೆ ಗೊತ್ತು

ಡಾಕ್ಟರು ಹೇಳಿದ ಸೋಮವಾರದ ಹಿಂದಿನ ದಿನ, ಭಾನುವಾರ, ಅತ್ತಿ ಬಂದಳು. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಚಾಲೂ ಐತೇನ ಇದು?" ಎಂದಳು. ಐತಿ ಎಂದೆ. "ಜೀವ ಇದ್ದಂಗ ಕಾಣೂದಿಲ್ಲಲ್ಲೋ," ಎಂದಳು. ಹಾಡು ಹಿಡಿಯಲು ಬಂದು ಕೂತಿದ್ದ ಅಂಗಡಿಯವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಮೈಕಿನ ಮುಂದೆ ಕುಳಿತಳು. ಒಂದು ಸಾಲು ಹಾಡಿ ನಿಂತಳು. ಮತ್ತೆ ಹಾಡಿದಳು, ಮತ್ತೆ ಅಲ್ಲಿಯೇ ನಿಂತಳು. ನೀರು ಕೊಟ್ಟೆವು, ಚಹಾ ಕೊಟ್ಟೆವು. ಅರ್ಧ ತಾಸಾದರೂ ಎರಡನೆಯ ಸಾಲು ಬರಲೊಲ್ಲದು. ಎಪ್ಪತ್ತೆಂಟರ ಮುದುಕಿ ಪರೀಕ್ಷೆಯಲ್ಲಿ ಉತ್ತರ ಮರೆತ ಹುಡುಗಿಯಂತೆ ಕಣ್ಣು ತುಂಬಿಕೊಂಡಳು.

"ಮುಂದಿಂದು ಕೈಗೆ ಗೊತ್ತೈತೋ ತಮ್ಮಾ," ಎಂದಳು. "ಬಾಯಿಗೆ ಗೊತ್ತಿಲ್ಲ."

ನನಗೆ ಆಗ ತಿಳಿಯಿತು. ಎಲ್ಲ ಸಪ್ಪಳ ತೆಗೆಯುವ ಭರದಲ್ಲಿ ನಾನು ಪದದ ಬುಡವನ್ನೇ ತೆಗೆದುಬಿಟ್ಟಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ನಾನು ಹಣೆ ಬಡಿದುಕೊಳ್ಳುತ್ತಿರುವಾಗ ಅಂಗಡಿಯವರು ಗಾಡಿಯ ಕೀಲಿ ತೆಗೆದುಕೊಂಡು ಎದ್ದರು. ಇಬ್ಬರೂ ದೇಸೂರಿಗೆ ಹೋಗಿ ಬೀಸುಕಲ್ಲಿನ ಎರಡೂ ಹೋಳುಗಳನ್ನು ಹೊತ್ತು ತಂದೆವು. ಅವರ ಬಿಳಿ ಅಂಗಿ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಮಡಚಿದ ಕಂಬಳಿಯ ಮೇಲೆ ಕಲ್ಲು ಇಟ್ಟು, ಮೈಕನ್ನು ಅತ್ತಿಯ ಬಾಯಿಯ ಹತ್ತಿರಕ್ಕೆ ತಂದರು. ಅತ್ತಿ ಜೋಳ ಹಾಕಿ, ಕಲ್ಲಿನ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದಳು, ಅಷ್ಟೇ. ಹನ್ನೊಂದು ಪದಗಳೂ ಒಂದರ ಹಿಂದೆ ಒಂದು, ಬಾಗಿಲು ತೆರೆದ ಹಟ್ಟಿಯಿಂದ ಕುರಿಗಳು ಬಂದಂತೆ ಬಂದವು. ನನ್ನ ಹೆಂಡತಿ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಆದರೂ ಆ ಕಲ್ಲಿನ ಗರಗರ ಕೇಳಿ ನನಗೆ ಅಂಗಡಿಯವರ ಮುಖ ನೋಡಲು ನಾಚಿಕೆ. "ನೀವು ಫ್ಯಾನಿನ ಸಪ್ಪಳಕ್ಕ ಅಷ್ಟು ಒದ್ದಾಡಿದ್ರಿ, ನಾವು ನೋಡಿದ್ರ ಬೀಸುಕಲ್ಲ ತಂದಿಟ್ವಿ," ಎಂದೆ.

"ಅದು ಸಪ್ಪಳ ಅಲ್ರಿ," ಎಂದರು ಅವರು ಹೆಡ್‌ಫೋನ್ ತೆಗೆಯದೆ. "ಅದು ಶ್ರುತಿ."

ಎಲ್ಲ ಮುಗಿದ ಮೇಲೆ ಆ ಹೆಡ್‌ಫೋನನ್ನು ಅತ್ತಿಗೆ ಹಾಕಿದರು. ಅತ್ತಿ ಕಣ್ಣು ಮುಚ್ಚಿ ಕೇಳಿದಳು. ಮೂರನೆಯ ಪದಕ್ಕೆ ಅವಳ ಹುಬ್ಬು ಗಂಟಾಯಿತು. ಅತ್ತಿ ಹೆಡ್‌ಫೋನ್ ತೆಗೆದಿಟ್ಟಳು.

"ಅಳಿಸ್ರಿ ಇದನ್ನ. ಹಿಟ್ಟು ದಪ್ಪ ಬಿದ್ದೈತಿ."

ಯಾರಿಗೂ ಅರ್ಥವಾಗಲಿಲ್ಲ. "ಗಾಬರ‍್ಯಾಗ ಮುಷ್ಟಿ ದೊಡ್ಡದಾಗಿ ಕಾಳು ಹಾಕೀನಿ. ಕಲ್ಲು ಹಾರಿ ಹಾರಿ ತಿರುಗೂದು ಕೇಳಸೂದಿಲ್ಲೇನು?" ಎಂದಳು. ಹೆಂಡತಿ ಓಡಿಹೋಗಿ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಖರೇನೇ, ರವೆಯಷ್ಟು ದಪ್ಪ! ಬೀಸುವಾಗ ಅವಳ ಕಣ್ಣಿಗೇ ಬೀಳದ್ದನ್ನು ಆ ಕಂಪ್ಯೂಟರು ಅವಳ ಕಿವಿಗೆ ಹೇಳಿತ್ತು. ಅಂಗಡಿಯವರು ಎದ್ದುಬಂದು ಅತ್ತಿಯ ಕಾಲು ಮುಟ್ಟಿದರು. "ಇಂಥಾ ಕಿವಿಗೆ ಒಪ್ಪೂ ಮಶಿನ್ ಮಾಡೀನಂದ್ರ ನನ್ನ ಧಂದೆ ಸಾರ್ಥಕ ಆತ್ರಿ," ಎಂದರು.

ಮರುದಿನ ಮುಂಜಾನೆ ಅತ್ತಿ ಸಣ್ಣ ಮುಷ್ಟಿಯಲ್ಲಿ ಕಾಳು ಹಾಕಿ ಮತ್ತೊಮ್ಮೆ ಹಾಡಿದ ಹನ್ನೊಂದು ಪದಗಳೇ ಈಗ ನಮ್ಮಲ್ಲಿ ಇರುವುದು. ಅವನ್ನು ಕೇಳಿದವರೆಲ್ಲ ಹಿಟ್ಟು ಸಣ್ಣಗಿದೆ ಎಂದೇ ಹೊಗಳುತ್ತಾರೆ. ಆದರೆ ಹಾಗೆ ಮತ್ತೊಮ್ಮೆ ಹಾಡುವುದಕ್ಕೊಂದು ಅಡ್ಡಿಯಿತ್ತು. ಅದೇ ಮುಂಜಾನೆ ಹತ್ತಕ್ಕೆ ಹಲ್ಲು ತೆಗೆಸುವುದಿತ್ತು. ಡಾಕ್ಟರಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದರೆ ಅತ್ತಿ ಭಾನುವಾರ ಸಂಜೆಯೇ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಡಾಕ್ಟರ್ರ, ನಾ ನಾಳೆ ಬರೂದಿಲ್ರಿ."

"ಯಾಕ್ರಿ ಯಮ್ಮಾ?"

"ಹಿಟ್ಟು ದಪ್ಪ ಬಿದ್ದೈತ್ರಿ."

ಡಾಕ್ಟರು ಹಳೆಯ ಅನುಭವಸ್ಥರು, ಯೋಚಿಸಿಯೇ ಉತ್ತರ ಕೊಟ್ಟರು.

"ಹಂಗಾದ್ರ ಹಲ್ಲು ಬೇಕಾಗತಾವ್ರಿ. ಮೊದಲ ಆ ಹಿಟ್ಟಿನ ರೊಟ್ಟಿ ತಿಂದು ಮುಗಸ್ರಿ, ಆಮ್ಯಾಲ ಬರ್ರಿ."