ಫ್ಲೆಕ್ಸ್ ಮೇಲಿನ ಬಂಡವಾಳಶಾಹಿ

ಹೊಸಕೋಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ, ಸಂಜೆ ಸೂಲಿಬೆಲೆ ಕಡೆಯ ನಮ್ಮೂರಿಗೆ ಮರಳುವ ನನಗೆ ಒಂದು ವಿಷಯ ಗೊತ್ತಾಗಿದೆ. ಪುಸ್ತಕದ ಪದಗಳು ಪುಸ್ತಕದಲ್ಲಿ ಇರುವಷ್ಟು ದಿನ ಸಾಧು. ಬಸ್ಸು ಹತ್ತಿ ಊರಿಗೆ ಬಂದರೆ ಯಾರ ಮಾತೂ ಕೇಳುವುದಿಲ್ಲ. ಈ ವರ್ಷ ಬಂದಿಳಿದದ್ದು ‘ಬಂಡವಾಳಶಾಹಿ’.

೧. ಎಷ್ಟು ಹಸು?

ಕ್ಲಾಸಿನಲ್ಲಿ ಆ ಪದದ ಹುಟ್ಟು ಹೇಳುತ್ತಿದ್ದೆ. ಹಿಂದಿನ ಬೆಂಚಿನವರು ನಿದ್ದೆ ಮಾಡುತ್ತಿದ್ದರು. ಮುಂದಿನವರು ಅದನ್ನೇ ಕಣ್ಣು ಬಿಟ್ಟುಕೊಂಡು ಮಾಡುತ್ತಿದ್ದರು. ನಮ್ಮ ಬೀದಿಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಎಷ್ಟು ಹಸು ಇದ್ರೆ ಬಂಡವಾಳಶಾಹಿ?”

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಯಾಕಮ್ಮಾ ಎಂದೆ.

“ನಮ್ಮಮ್ಮನ್ನ ಡೈರಿ ಅಧ್ಯಕ್ಷರು ಹಂಗಂತ ಬೈತಾವ್ರೆ ಸಾರ್. ನಮ್ಮನೇಲಿ ಏಳು ಹಸು, ಹಾಲು ಕರೆಯೋ ಮಿಷನ್ ಒಂದು.”

“ಹಸುವಿನ ಲೆಕ್ಕ ಅಲ್ಲಮ್ಮಾ ಅದು. ಅದೊಂದು ವ್ಯವಸ್ಥೆ.”

“ವ್ಯವಸ್ಥೆ ಏನೂ ಇಲ್ಲ ಸಾರ್. ಕೊಟ್ಟಿಗೆ ಸೋರ್ತದೆ.”

೨. ಜಾತಿಗೋ, ನಡತೆಗೋ?

ಜಗಳದ ಮೂಲ ಇಷ್ಟು. ನಮ್ಮೂರ ಡೈರಿಯಲ್ಲಿ ಹಾಲಿನ ಫ್ಯಾಟು, ಅಂದರೆ ದರ ತೀರ್ಮಾನಿಸುವ ಜಿಡ್ಡಿನಂಶ, ನೋಡುವ ಮಿಷನ್ನು ಒಳಕೋಣೆಯಲ್ಲಿದೆ. ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಎಷ್ಟು ಬಂತು ಎಂದು ಒಳಗಿನಿಂದ ಕೂಗುತ್ತಾರೆ, ಕ್ಯಾನು ಹಿಡಿದು ಹೊರಗೆ ನಿಂತವರು ನಂಬಬೇಕು. ಅಧ್ಯಕ್ಷರ ಕಡೆಯವರ ಹಾಲು ವರ್ಷವಿಡೀ ಗಟ್ಟಿ. ಉಳಿದವರದು, ಹಸುವಿಗೆ ಏನು ತಿನ್ನಿಸಿದರೂ ತೆಳು.

ಹುಡುಗಿಯ ತಾಯಿಗೆ, ಬೀದಿಗೆಲ್ಲ ಅಕ್ಕನಾದ ಆಕೆಗೆ, ಬೇಕಿದ್ದುದು ಒಂದೇ: ಆ ಮಿಷನ್ನು ಜಗುಲಿಗೆ ಬರಬೇಕು. ಕೇಳಿ ಕೇಳಿ ಸಾಕಾಗಿ, ಡೈರೆಕ್ಟರ್ ಚುನಾವಣೆಗೇ ನಿಂತುಬಿಟ್ಟರು. ಉಳಿದ ಸ್ಥಾನಗಳೆಲ್ಲ ಅವಿರೋಧ. ಒಂದಕ್ಕೆ ಮಾತ್ರ ಇಬ್ಬರು: ಅಕ್ಕ ಮತ್ತು ಅಧ್ಯಕ್ಷರು.

ಒಂದು ಬೆಳಿಗ್ಗೆ ಅಕ್ಕ ನಮ್ಮ ಬಾಗಿಲಿಗೇ ಬಂದರು. “ಮೇಷ್ಟ್ರೇ, ಅದು ಜಾತಿಗೆ ಬೈಯೋದಾ, ನಡತೆಗೆ ಬೈಯೋದಾ? ಹೇಳಿ, ಅದ್ರ ಮೇಲೆ ವಾಪಸ್ ಕೊಡ್ತೀನಿ.”

ಎರಡೂ ಅಲ್ಲ ಎಂದೆ. ಇಂಗ್ಲಿಷಿನ ಮೂಲ ಪದ ‘ಕ್ಯಾಪಿಟಲ್’ ಹುಟ್ಟಿದ್ದು ಲ್ಯಾಟಿನ್ನಿನ ‘ತಲೆ’ಯಿಂದ. ಇಂಗ್ಲಿಷಿನಲ್ಲಿ ದನಗಳಿಗೆ ಇರುವ ‘ಕ್ಯಾಟಲ್’ ಪದವೂ ಅದೇ ತಲೆಯಿಂದ ಬಂದದ್ದು. ದನವೇ ಆಸ್ತಿಯಾಗಿದ್ದ ಕಾಲದ ನಂಟು.

ಅಕ್ಕ ಯೋಚಿಸಿದರು. “ದನದ ವಿಷಯ ಅಧ್ಯಕ್ಷರಿಗೆ ಹೆಂಗೆ ಗೊತ್ತಾಯ್ತು? ಅವ್ರ ಮನೇಲಿ ಒಂದು ಕರುನೂ ಇಲ್ವಲ್ಲ!”

ನಿಜ. ಅವರ ಹೆಸರಿನಲ್ಲಿ ಡೈರಿಗೆ ಬರುವ ಹಾಲು ಅವರ ಷಡ್ಡಕನ ಹಸುವಿನದು.

೩. ಅಧ್ಯಕ್ಷರಿಗೆ ಪಾಠ

ಅಧ್ಯಕ್ಷರನ್ನೂ ಕೇಳಿ ನೋಡಿದೆ. ಪ್ರಾಯದಲ್ಲಿ ಅವರು ಕಾರ್ಖಾನೆಯೊಂದರ ಗೇಟಿನ ಮುಂದೆ ಘೋಷಣೆ ಕೂಗಿದವರು. ಪದ ಆಗ ಕಲಿತದ್ದು. ಮರೆತಿರಲಿಲ್ಲ, ಪ್ರಯೋಗಿಸಲು ಆಳು ಸಿಕ್ಕಿರಲಿಲ್ಲ. ಈ ನಡುವೆ ಹೆದ್ದಾರಿಯ ಪಕ್ಕ ಎರಡು ಗೋದಾಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ.

“ಬಂಡವಾಳ ಹಾಕೋನಿಗೆ ಹೆಸರು ಮೊದಲೇ ಇತ್ತು ಅಧ್ಯಕ್ಷರೇ,” ಎಂದೆ. “ಇಡೀ ಪದ್ಧತಿಗೆ ಆ ಹೆಸರು ಅಂಟಿಸಿದ್ದು ಅದನ್ನ ಕಂಡ್ರೆ ಆಗದೋರು. ಫ್ರಾನ್ಸಿನಲ್ಲಿ, ನೂರೈವತ್ತು ವರ್ಷದ ಮೇಲಾಯ್ತು. ಆಮೇಲೆ ಏನಾಯ್ತು ಅಂದ್ರೆ…”

“ಆಗದೋರು ಬೈದಿದ್ದು ತಾನೇ? ಸಾಕು ಬಿಡಿ. ಆಮೇಲಿನದು ಪರೀಕ್ಷೆ ಬರೆಯೋರಿಗೆ.”

“ನಿಮ್ಮ ಗೋದಾಮು?”

“ಅದು ಪಿತ್ರಾರ್ಜಿತ ಜಮೀನಲ್ಲಿರೋದು ಮೇಷ್ಟ್ರೇ. ಅದಕ್ಕೆ ಇದು ಅನ್ವಯ ಆಗಲ್ಲ.”

೪. ಶುಭ ಕೋರುವವರು

ಮತದಾನಕ್ಕೆ ಎರಡು ದಿನ ಇರುವಾಗ ಅಧ್ಯಕ್ಷರು ಮುಡಿ ಕೊಡಲು ತಿರುಪತಿಗೆ ಹೊರಟರು. ಬಸ್ಸಿನಿಂದಲೇ ಫ್ಲೆಕ್ಸ್ ಅಂಗಡಿಗೆ ಫೋನು: “ಮಧ್ಯದಲ್ಲಿ ಆಯಮ್ಮನ ಫೋಟೋ ಹಾಕು. ಮೇಲೆ ‘ಬಂಡವಾಳಶಾಹಿ’ ಅಂತ ದಪ್ಪಕ್ಕೆ. ಕೆಳಗೆ ನಂದೂ ನಮ್ಮ ಹುಡುಗರದೂ ಫೋಟೋ. ಬೆಳಿಗ್ಗೆ ಸರ್ಕಲ್ಲಲ್ಲಿ ಕಟ್ಟಿಸು.”

ಅಂಗಡಿಯವನು ಜೀವಮಾನದಲ್ಲಿ ಮಾಡಿದ್ದು ಎರಡೇ ಬಗೆಯ ಫ್ಲೆಕ್ಸು: ಹುಟ್ಟುಹಬ್ಬದ್ದು, ತಿಥಿಯದ್ದು. ಆಯಮ್ಮ ಬದುಕಿರುವುದು ಅವನಿಗೆ ಗೊತ್ತಿತ್ತು.

ಬೆಳಗಾದಾಗ ಸರ್ಕಲ್ಲಿನಲ್ಲಿ ಹತ್ತಡಿ ಅಕ್ಕ ನಿಂತಿದ್ದರು. ಬೆನ್ನ ಹಿಂದೆ ಸಿಂಹ, ಸುತ್ತ ಗುಲಾಬಿ, ಹೆಸರಿನ ಮುಂದೆ ಚಿನ್ನದ ಅಕ್ಷರದಲ್ಲಿ ‘ಬಂಡವಾಳಶಾಹಿ’. ಕೆಳಗೆ ‘ಶುಭ ಕೋರುವವರು’, ಅಲ್ಲಿ ಕೈಮುಗಿದು ನಗುತ್ತಿದ್ದ ಅಧ್ಯಕ್ಷರು, ಅಕ್ಕಪಕ್ಕದಲ್ಲಿ ಅವರ ಆರು ಮಂದಿ.

ಅಕ್ಕ ತಲೆಯೆತ್ತಿ ನೋಡಿದರು. “ಇಷ್ಟು ಚೆನ್ನಾಗಿ ಬೈತಾರೆ ಅಂತ ಗೊತ್ತಿದ್ರೆ ಒಳ್ಳೆ ಫೋಟೋ ಕೊಡ್ತಿದ್ದೆ.”

ಅಧ್ಯಕ್ಷರು ಕಣದಿಂದ ಹಿಂದೆ ಸರಿದು ಆಕೆಯನ್ನು ಬೆಂಬಲಿಸಿದ್ದಾರೆಂದು ಊರು ತೀರ್ಮಾನಿಸಿತು. ಕೇಳೋಣವೆಂದರೆ, ದರ್ಶನದ ಸಾಲಿಗೆ ಫೋನು ಒಯ್ಯುವಂತಿಲ್ಲ. ಅನುಮಾನ ಬಂದ ಹಿಂಬಾಲಕನೊಬ್ಬ ಫ್ಲೆಕ್ಸು ಬಿಚ್ಚಲು ಕಂಬ ಹತ್ತಿದ. ಉಳಿದ ಹಿಂಬಾಲಕರೇ ಕಾಲು ಹಿಡಿದು ಎಳೆದರು: “ಅಧ್ಯಕ್ಷರ ಮುಖ ಕಿತ್ತಾಕ್ತೀಯೇನ್ಲಾ? ಇಳಿಯಲೇ ಕೆಳಗೆ!”

ಭಾನುವಾರ ಆ ನಿಷ್ಠಾವಂತರೆಲ್ಲ ಸಾಲಾಗಿ ಹೋಗಿ, ಅಣ್ಣನ ಆಜ್ಞೆಯೆಂದು ಅಕ್ಕನಿಗೇ ಓಟು ಹಾಕಿದರು. ಬೋಳುತಲೆಯ ಅಧ್ಯಕ್ಷರು ಲಡ್ಡು ಹಿಡಿದು ಬಸ್ಸಿಳಿದಾಗ ಎಣಿಕೆ ಮುಗಿದಿತ್ತು. ಊರವರು ಅವರ ಲಡ್ಡುವನ್ನೇ ಅಕ್ಕನ ಗೆಲುವಿನ ಸಿಹಿಯೆಂದು ಹಂಚಿದರು.

೫. ಹಿರಿತನ

ಸೋಮವಾರ ಮಿಷನ್ನು ಜಗುಲಿಗೆ ಬಂತು. ಹುಲ್ಲು ಅದೇ, ಹಸು ಅವೇ, ಹೊರಗೆ ನಿಲ್ಲುತ್ತಿದ್ದವರ ಹಾಲು ಮಾತ್ರ ರಾತ್ರೋರಾತ್ರಿ ಗಟ್ಟಿಯಾಗಿತ್ತು. ನನಗೆ ಸುಲಭಕ್ಕೆ ಯಾವುದೂ ಹಿಡಿಸುವುದಿಲ್ಲ. ಇದು ಹಿಡಿಸಿತು.

ಎರಡು ವಾರ ಕಳೆದು ಸರ್ಕಲ್ಲಿನಲ್ಲಿ ಇನ್ನೊಂದು ಫ್ಲೆಕ್ಸು. ಮಾಜಿ ಅಧ್ಯಕ್ಷರ ಹುಟ್ಟುಹಬ್ಬ. ಹೆಸರಿನ ಮುಂದೆ, ಅದೇ ಚಿನ್ನದ ಅಕ್ಷರದಲ್ಲಿ: ‘ಹಿರಿಯ ಬಂಡವಾಳಶಾಹಿ’.

ಯುರೋಪಿನಲ್ಲಿ ಬೈಸಿಕೊಂಡವರು ಆ ಬೈಗುಳವನ್ನು ಬಿರುದಾಗಿ ತೊಡಲು ಹಲವು ದಶಕ ಹಿಡಿದಿತ್ತು. ಅಂದು ಅಧ್ಯಕ್ಷರು ಕೇಳಿಸಿಕೊಳ್ಳದ ಪಾಠ ಅದೇ. ನಮ್ಮೂರಿನಲ್ಲಿ ಒಂದು ತಿಂಗಳೂ ಬೇಕಾಗಲಿಲ್ಲ.

“ಇದೇನು ಸ್ವಾಮಿ, ನಿಮಗೆ ನೀವೇ ಬೈಕೊಂಡಿದ್ದೀರಿ?” ಎಂದೆ.

ಚಿಗುರುತ್ತಿದ್ದ ತಲೆ ಸವರಿಕೊಂಡು ಅವರು ನನ್ನನ್ನು ಕನಿಕರದಿಂದ ನೋಡಿದರು. “ಗೆದ್ದೋರಿಗೆ ಅಂಟಿಕೊಂಡ ಮೇಲೆ ಅದು ಬೈಗುಳ ಹೆಂಗಾಗ್ತದೆ ಮೇಷ್ಟ್ರೇ? ಆಯಮ್ಮ ಏನು, ಮೊನ್ನೆ ಮೊನ್ನೆ ಬಂದೋಳು. ನಾನು ಮೊದಲಿಂದ್ಲೂ ಅದೇ ಅಲ್ವಾ?”