ಹಾರನ್ ಡಬ್ಬಿಯ ಹೆಡ್‌ಲೈಟು

ಲೈಟಿನ ಕೆಲಸ ಮಾಡುವವನ ಹಣೆಬರಹವೇ ಇದು: ದೀಪ ಹೊತ್ತಿಸಲು ಅರ್ಧ ದಿನ ಸಾಕು, ಅದು ಹೊತ್ತುವುದಿಲ್ಲ ಎಂದು ಹೇಳಲು ಬಂದವರನ್ನು ಸಾಗಹಾಕಲು ಎಂಟು ದಿನ ಬೇಕು. ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಪಕ್ಕ ನಾನು ತಗಡಿನ ಶೆಡ್ಡು ಹಾಕಿ ಎರಡು ವರ್ಷವಾಯಿತು. ಲಾರಿಗಳ ಒಳಗೇನಿದೆ ಎಂಬುದು ನನಗೆ ಪೂರಾ ತಿಳಿದಿದೆ. ಲಾರಿ ತರುವವರ ತಲೆಯ ಒಳಗೇನಿದೆ ಎಂಬುದು ತಿಳಿದಿಲ್ಲ. ಇದ್ದರೆ ತಾನೇ ತಿಳಿಯುವುದು? ಹತ್ತಾರು ಲಾರಿ ಬೇಡ, ಒಂದೇ ಲಾರಿಯ ಕತೆ ಹೇಳುತ್ತೇನೆ.

೧. ಎರಡು ಮಿಣುಕುಹುಳ

ಹೊಳಲ್ಕೆರೆಯ ಸಾವ್ಕಾರರೊಬ್ಬರದು ಮಿಲಿಟರಿ ಹರಾಜಿನಲ್ಲಿ ಹಿಡಿದ ಲಾರಿ. ವಯಸ್ಸಿನಲ್ಲಿ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡದು. ಹಿರಿಯೂರು ಸಂತೆಗೆ ಕುರಿ ಹೊತ್ತು ಹೊತ್ತು ಅದರ ಹಲಗೆಗೆಲ್ಲ ಕುರಿಯ ವಾಸನೆ ಹತ್ತಿತ್ತು. ಹೆಡ್‌ಲೈಟು ಹಾಕಿದರೆ ಮುಂದುಗಡೆ ಎರಡು ಮಿಣುಕುಹುಳ ಕೂತಂತೆ ಕಾಣುತ್ತಿತ್ತು. ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಆಗಲೇ ಒಂದು ಸಲ, ಲಾರಿ ರೋಡಿಗಿಳಿಯಲು ಬೇಕಾದ ಎಫ್.ಸಿ. ಕೊಡದೆ ವಾಪಸ್ಸು ಕಳಿಸಿದ್ದರು. ಬರುವ ಸೋಮವಾರ ಮತ್ತೆ ತೋರಿಸಬೇಕು. ಅವತ್ತೂ ಪಾಸಾಗದಿದ್ದರೆ ಗುಜರಿಗೆ ಹಾಕುವುದೇ ಸೈ ಅಂತ ಸಾವ್ಕಾರರು ಮುಖ ಇಳಿಬಿಟ್ಟುಕೊಂಡು ಬಂದರು.

ಇಲ್ಲಿತನಕ ಏನೇನು ಮಾಡಿಸಿದಿರಿ ಅಂತ ಕೇಳಿದೆ. ಮೂರು ಸಲ ಬಲ್ಬು ಬದಲಾಯಿಸಿದ್ದರಂತೆ. ನಾಲ್ಕನೇ ಸಲ ನಿಂಬೆಹಣ್ಣು ಇಳಿ ತೆಗೆಸಿದ್ದರಂತೆ. ಬಾನೆಟ್ಟು ಎತ್ತಿ ನೋಡಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಹೊಲಿಗೆ ದಾರದಂಥ ಹಳೇ ವೈರಿನಲ್ಲಿ ಡ್ರೈವರನ ಸ್ಟೇರಿಂಗಿನ ಹಿಂದಿನ ತನಕ ಬಂದು, ಸವೆದ ಸ್ವಿಚ್ಚು ಹಾಯ್ದು, ಹನ್ನೆರಡು ಗಂಟು ದಾಟಿ, ತಿರುಗಿ ದೀಪದ ತನಕ ಹೋಗಬೇಕು. ಮಾರಿಕಣಿವೆ ಡ್ಯಾಮಿನ ನೀರನ್ನು ಹುಲ್ಲುಕಡ್ಡಿಯಲ್ಲಿ ಹಾಯಿಸಿದಂತೆ. ಬಲ್ಬಲ್ಲ, ಬ್ರಹ್ಮನನ್ನೇ ತಂದು ಕೂರಿಸಿದರೂ ಬೆಳಕು ಬರುವುದಿಲ್ಲ. ವೈರೆಲ್ಲ ಕಿತ್ತು ಹೊಸದು ಹಾಕುತ್ತೇನೆ, ಸೋಮವಾರ ನಡುಹಗಲಲ್ಲೇ ಬೆಳಕು ತೋರಿಸುತ್ತೇನೆ ಅಂದೆ.

ಗ್ರಹಚಾರಕ್ಕೆ ಅವತ್ತೇ ನಮ್ಮಪ್ಪ ಹಿರೇಗುಂಟನೂರಿನಿಂದ ಬಂದು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ನಮ್ಮದು ಕುರಿ ಸಾಕುವ ಮನೆ. ಎಂಬತ್ತು ಕುರಿ ಬಿಟ್ಟು ಮಗ ವೈರು ಕಚ್ಚುತ್ತಾ ಕೂತನಲ್ಲ ಎಂಬುದು ಅವನ ಸಂಕಟ.

"ತೋರಿಸ್ದೆ ಹೋದ್ರೆ ಶೆಡ್ಡಿಗೆ ಬೀಗ ಹಾಕಿ ಕುರಿ ಹಿಂದೆ ಬರ್ತಿಯೇನಲೇ?" ಅಂದ.

"ಬರ್ತೀನಿ" ಅಂದೆ. ಎದುರಿನ ಚಹಾ ಅಂಗಡಿಯವರೆಲ್ಲ ಕೇಳಿಸಿಕೊಂಡರು. ನಾನು ಮಾತಾಡುವುದೇ ನಾಲ್ಕು ಜನ ಕೇಳಲಿ ಅಂತ.

ಆ ಲಾರಿಯ ಡ್ರೈವರನಿಗೆ ಮಾತ್ರ ಇದೆಲ್ಲ ದಂಡದ ಕೆಲಸ. ರೋಡು ತನಗೆ ಬಾಯಿಪಾಠ, ಲೈಟು ಯಾಕೆ ಅಂದ. ರೋಡು ಸರಿ, ಎದುರಿಗೆ ಬರುವ ಎತ್ತಿನಗಾಡಿಯೂ ಬಾಯಿಪಾಠವೇ ಅಂತ ಕೇಳಿದೆ.

"ಅವು ನಮ್ ಲಾರಿ ವಾಸ್ನಿ ಹಿಡ್ದು ದೂರ್‌ದಾಗೇ ಸರ್ಕಂತವೆ ಬಿಡಪ್ಪ" ಅಂದ.

೨. ಹೊಸದುರ್ಗದ ಪಂಡಿತ

ಮೂರು ಸಲ ಬಲ್ಬು ಬದಲಾಯಿಸಿದ್ದವನು ಹೊಸದುರ್ಗದ ಒಬ್ಬ ಹಿರೀ ಮೆಕ್ಯಾನಿಕ್ಕು. ಸುತ್ತಮುತ್ತ ಅವನನ್ನು ಉಸ್ತಾದ್ ಅನ್ನುತ್ತಾರೆ. ಲೈಟು ಮಂಕಾದರೆ ಬಲ್ಬು, ಹಾರನ್ ಮಂಕಾದರೆ ಬಲ್ಬು, ಟೈರು ಪಂಕ್ಚರಾದರೂ ಬಲ್ಬೇ ಬದಲಾಯಿಸುವ ಅಸಾಮಿ. ಗಿರಾಕಿ ಕೈಬಿಟ್ಟ ಹೊಟ್ಟೆಯುರಿಗೆ ನನ್ನ ಕೆಲಸ ನೋಡಲು ಬಸ್ಸು ಹತ್ತಿ ಬಂದ.

ನಾನಾಗ ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ಕಿರುಬೆರಳು ದಪ್ಪದ ವೈರು ಎಳೆದು, ನಡುವೆ ಒಂದು ರಿಲೇ ಕೂರಿಸುತ್ತಿದ್ದೆ. ರಿಲೇ ಅಂದರೆ ಅಂಗೈಯಲ್ಲಿ ಹಿಡಿಸುವ ಡಬ್ಬಿ. ಸ್ವಿಚ್ಚು ಅದಕ್ಕೊಂದು ಸಣ್ಣ ಸನ್ನೆ ಮಾಡಿದರೆ ಸಾಕು, ದಪ್ಪ ವೈರಿನ ಕರೆಂಟನ್ನು ಅದು ಸೀದಾ ದೀಪಕ್ಕೆ ಬಿಡುತ್ತದೆ. ಊರಗೌಡ ಹುಬ್ಬು ಹಾರಿಸಿದರೆ ಆಳುಗಳು ಮೂಟೆ ಎತ್ತುವುದಿಲ್ಲವೇ, ಹಾಗೆ. ನಮ್ಮ ಕಡೆ ಆ ಡಬ್ಬಿ ಸಿಗುವುದು ಹಾರನ್ನಿಗೆ ಹಾಕಲು ಮಾತ್ರ. ಅದನ್ನು ಲೈಟಿಗೆ ಹಾಕುವ ಮಿದುಳು ಈ ಜಿಲ್ಲೆಯಲ್ಲಿ ನನಗೊಬ್ಬನಿಗೇ ಇತ್ತು.

ಉಸ್ತಾದ್ ಡಬ್ಬಿಯನ್ನು ನೋಡಿ ನಕ್ಕ. ಅದು ಹಾರನ್ನಿನ ಸಾಮಾನು, ಲೈಟಿಗೆ ಹಾಕಿದರೆ ಲೈಟು ಹೊತ್ತುವುದಿಲ್ಲ, ಹಾರನ್ನು ಕೂಗುತ್ತದೆ ಅಂತ ಚಹಾ ಅಂಗಡಿಯವರಿಗೆಲ್ಲ ಸಾರಿದ. ಕತ್ತೆಗೇನು ಗೊತ್ತು ಕಸ್ತೂರಿ ಅಂದುಕೊಂಡು ನಾನು ಡ್ರೈವರನಿಗೆ ಸ್ವಿಚ್ಚು ಹಾಕಲು ಹೇಳಿದೆ. ಆ ಮಹಾನುಭಾವ ಸ್ವಿಚ್ಚಿಗೆ ಕೈ ಚಾಚುವಾಗ ಮೊಣಕೈಯನ್ನು ಸ್ಟೇರಿಂಗಿನ ಮಧ್ಯದ ಹಾರನ್ ಗುಂಡಿಗೆ ಊರಿದ. ಲೈಟು ಝಗ್ಗೆಂದಿತು. ಜೊತೆಗೇ ಹಾರನ್ನು ಬಡಕೊಂಡಿತು.

ಮೊಣಕೈ ತೋರಿಸಿ ತೋರಿಸಿ ಹೇಳಿದೆ, ಕೇಳುವವರು ಯಾರು? ಎರಡು ದಿನದಲ್ಲಿ ಸುದ್ದಿ ಹೊಸದುರ್ಗ ದಾಟಿ ಹಿರಿಯೂರು ಮುಟ್ಟಿತು. ಬಬ್ಬೂರಿನಿಂದ ಒಬ್ಬ ರೈತ ನನ್ನ ಶೆಡ್ಡು ಹುಡುಕಿಕೊಂಡು ಬಂದು, ತನ್ನ ಟ್ರ್ಯಾಕ್ಟರಿಗೂ ಕೂಗೋ ಲೈಟು ಬೇಕು ಅಂದ.

೩. ಕಮಲದ ಎಸಳು

ಭಾನುವಾರ ಸಾವ್ಕಾರರು ನನಗೊಂದು ಮಾತೂ ಹೇಳದೆ ಲಾರಿಯನ್ನು ಪೇಂಟರ್ ಹತ್ತಿರ ಬಿಟ್ಟರು. ಸಾಹೇಬರ ಕಣ್ಣಿಗೆ ಅಂದವಾಗಿ ಕಾಣಲಿ ಅಂತ. ಸಂಜೆ ಲಾರಿ ಬಂದಾಗ ಮೈತುಂಬ ಕಮಲ, ನವಿಲು. ಲೈಟು ಹಾಕಿದರೆ ಪೂರಾ ಕತ್ತಲೆ. ಮಿಣುಕುಹುಳವೂ ಇಲ್ಲ.

ದೀಪಕ್ಕೆ ಹೋದ ಕರೆಂಟು ತಿರುಗಿ ಬರಲು ಲಾರಿಯ ಕಬ್ಬಿಣದ ಮೈಯೇ ದಾರಿ. ಅದಕ್ಕೇ ನಾನು ಒಂದು ಕಡೆ ತುಕ್ಕು ಬಣ್ಣ ಎಲ್ಲ ಕೆರೆದು, ಬೆಳ್ಳಿಯಂತೆ ಹೊಳೆಯಿಸಿ, ವೈರನ್ನು ಬೋಲ್ಟು ಹಾಕಿ ಬಿಗಿದಿದ್ದೆ. ಪೇಂಟರ್ ಆ ಬೋಲ್ಟು ಬಿಚ್ಚಿ, ಬೋಳು ಕಬ್ಬಿಣ ನೋಡಿ ಅಯ್ಯೋ ಅನಿಸಿ, ಮೂರು ಸಲ ಬಣ್ಣ ಬಳಿದು, ಮೇಲೊಂದು ಕಮಲ ಬರೆದು, ಬೋಲ್ಟನ್ನು ಮತ್ತೆ ಬಿಗಿದಿದ್ದ.

ನಾನು ಚಾಕು ತಗೊಂಡು ಕಮಲದ ಎರಡು ಎಸಳು ಕೆರೆದೆ. ಸಾವ್ಕಾರರು ತಮ್ಮ ಬೆನ್ನಿನ ಚರ್ಮ ಸುಲಿದಂತೆ ನರಳಿದರು. ಬೋಲ್ಟು ಬಿಗಿದೆ, ಲೈಟು ಹೊತ್ತಿತು. ಪೇಂಟರನ್ನು ಕರೆಸಿ, ನಿನ್ನ ಬಣ್ಣ ಕರೆಂಟನ್ನೇ ತಡೆದು ನಿಲ್ಲಿಸಿತ್ತಲ್ಲಯ್ಯ ಅಂತ ಬೈದೆ. ಅವನು ತಲೆ ತಗ್ಗಿಸಿಕೊಂಡು ಹೋದ. ನಾಚಿಕೆಯಾಯಿತು ಅಂದುಕೊಂಡೆ. ಮಾರನೇ ವಾರ ಅವನ ಅಂಗಡಿ ಮುಂದೆ ಹೊಸ ಬೋರ್ಡು ಬಂತು: ‘ಕರೆಂಟನ್ನೂ ತಡೆಯುವ ಬಣ್ಣ ಇಲ್ಲಿ ಮಾತ್ರ.’

೪. ಸೋಮವಾರ

ಸೋಮವಾರ ಬೆಳಿಗ್ಗೆ ಸಾವ್ಕಾರರ ಹೆಂಡತಿ ಎರಡೂ ಹೆಡ್‌ಲೈಟಿನ ಗಾಜಿಗೆ ಕುಂಕುಮ ಇಟ್ಟು ಪೂಜೆ ಮಾಡಿ ಕಳಿಸಿದ್ದರು. ಎಫ್.ಸಿ. ಕೊಡುವ ಮೈದಾನದಲ್ಲಿ ಲಾರಿಗಳ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ನೆತ್ತಿ ಸುಡುವ ಬಿಸಿಲು. ನಮ್ಮಪ್ಪ ಬೇವಿನ ಮರದ ಕೆಳಗೆ ಕೂತಿದ್ದ. ಪಕ್ಕದಲ್ಲಿ ಒಂದು ಕೋಲು, ಮಡಿಸಿದ ಕರೀ ಕಂಬಳಿ. ಎರಡೂ ನನಗೆ. ಈಗಿಂದೀಗಲೇ ಕುರಿ ಕಾಯಲು ಕರೆದುಕೊಂಡು ಹೋಗುವ ತಯಾರಿ.

ಸಾಹೇಬರು ಗರಿಗರಿ ಬಟ್ಟೆ ತೊಟ್ಟು, ತಲೆಗೆ ಘಮಘಮ ಎಣ್ಣೆ ಹಚ್ಚಿ ಬಂದಿದ್ದರು. ಲೈಟು ಹಾಕಿಸಿ ಗಾಜಿನ ಮುಂದೆ ನಿಂತರು. ಬಿಸಿಲು ನೇರ ಗಾಜಿಗೇ ಬಡಿಯುತ್ತಿತ್ತು. ದೀಪದ ಬೆಳಕು ಯಾವುದು, ಸೂರ್ಯನದು ಯಾವುದು ಅಂತ ಅವರಿಗೆ ತಿಳಿಯಲಿಲ್ಲ. ಕೈ ಅಡ್ಡ ಹಿಡಿದರು, ಕಣ್ಣು ಕಿರಿದು ಮಾಡಿದರು, ಕೊನೆಗೆ ತಲೆ ಆಡಿಸಿದರು.

"ಉರಿಯೋದು ಕಾಣಲ್ಲ ರೀ. ಮುಂದಿನ ತಿಂಗಳು ತನ್ನಿ."

ಸಾವ್ಕಾರರು ಬಂಪರಿನ ಮೇಲೆ ಕುಸಿದು ಕೂತರು. ನಮ್ಮಪ್ಪ ಎದ್ದು ಬಂದು, ಒಂದು ಮಾತೂ ಬಯ್ಯದೆ, ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದ.

"ನಡಿಯಪ್ಪ, ಹೋಗಾಣ."

ಕಂಬಳಿಯ ಭಾರ ಹೆಗಲಿಗೆ ಬಿದ್ದದ್ದೇ ತಡ, ನನಗೆ ಚಿಕ್ಕಂದಿನ ದಿನ ನೆನಪಾಯಿತು. ಗುಡ್ಡದ ಮೇಲೆ ನಡುಮಧ್ಯಾಹ್ನ ಮುಸುಕು ಹಾಕಿ ಮಲಗಿದರೆ ಅದರೊಳಗೆ ಅಮಾವಾಸ್ಯೆ. ಸಾಹೇಬರು ಆಗಲೇ ಮುಂದಿನ ಲಾರಿಯ ಕಡೆ ಹೆಜ್ಜೆ ತೆಗೆಯುತ್ತಿದ್ದರು.

"ಸಾಹೇಬ್ರೇ, ಒಂದ್ನಿಮಿಷ ಬಗ್ಗ್ರಿ" ಅಂದವನೇ ಗಾಜಿನ ಮುಂದೆ ಅವರನ್ನು ಬಗ್ಗಿಸಿ, ಸಾಹೇಬರನ್ನೂ ದೀಪವನ್ನೂ ಸೇರಿಸಿ ಕಂಬಳಿ ಮುಚ್ಚಿದೆ. ಡ್ರೈವರನಿಗೆ, ಹಾಕಣ್ಣ ಅಂದೆ.

ಅವನು ಹಾಕಿದ. ಮೊಣಕೈ ಊರಿಯೇ ಹಾಕಿದ.

ಕಂಬಳಿಯೊಳಗೆ ಹಗಲಾಯಿತು, ಹೊರಗೆ ಹಾರನ್ನು ಬೊಬ್ಬೆ ಹೊಡೆಯಿತು. ಕಂಬಳಿ ಎದ್ದು ನಿಂತು ನಾಲ್ಕು ಸುತ್ತು ತಿರುಗಿತು. ಕಷ್ಟಪಟ್ಟು ಬಿಡಿಸಿದೆವು. ಸಾಹೇಬರ ಕೂದಲು ನೆಟ್ಟಗೆ ನಿಂತಿತ್ತು, ಮೂಗಿನ ತುದಿಗೆ ಕುಂಕುಮ ಹತ್ತಿತ್ತು. ಕಣ್ಣು ಪಿಳಿಪಿಳಿ ಬಿಡುತ್ತಾ, ಕೈಯಲ್ಲೇ ಇದ್ದ ಪೆನ್ನನ್ನು ಜೇಬಿನಲ್ಲಿ ತಡಕಾಡಿದರು.

"ಲೈಟು ಪಾಸು" ಅಂದರು. "ಹಾರನ್ನೂ ಪಾಸು. ಇನ್ನೇನೂ ತೋರಿಸ್ಬೇಡ್ರಿ."

ಸಾವ್ಕಾರರು ನನ್ನ ಕೈ ಹಿಡಿದುಕೊಂಡರು. ನಾನು ನಮ್ಮಪ್ಪನ ಕಡೆ ನೋಡಿ ಮೀಸೆ ತಿರುವಿ ಕಂಬಳಿ ವಾಪಸ್ಸು ಕೊಟ್ಟೆ. ಅವನು ಅದನ್ನು ಮೂಸಿ ನೋಡಿ ನನ್ನ ಮೇಲೇ ಎಸೆದ.

"ಈ ಎಣ್ಣಿ ವಾಸ್ನಿಗೆ ಇನ್ನು ಒಂದು ಕುರೀನೂ ನನ್ನತ್ರ ಬರಲ್ಲ. ನೀನೇ ಇಟ್ಕಳಲೇ" ಅಂದು, ಕೋಲು ಮಾತ್ರ ತಗೊಂಡು ಹಿರೇಗುಂಟನೂರು ಬಸ್ಸು ಹತ್ತಿದ.

ಈಗ ನನ್ನ ಶೆಡ್ಡಿನಲ್ಲಿ ಹಗಲು ಹೊತ್ತು ಯಾವ ಲೈಟನ್ನೂ ಕಂಬಳಿ ಹೊದ್ದೇ ನೋಡುವುದು. ಸುದ್ದಿ ಕೇಳಿ ಹೊಸದುರ್ಗದ ಉಸ್ತಾದ್ ಕೂಡ ಒಂದು ಹೊಸ ಕಂಬಳಿ ತಂದಿದ್ದಾನೆ. ದೀಪಕ್ಕೆ ಅದನ್ನು ನೀಟಾಗಿ ಹೊದಿಸಿ, ತಾನು ಹೊರಗೆ ನಿಂತು ನೋಡಿ, ಬೆಳಕು ಕಾಣುತ್ತಿಲ್ಲ, ಬಲ್ಬು ಬದಲಾಯಿಸಬೇಕು ಅನ್ನುತ್ತಾನಂತೆ.