ಒಂದು ಕ್ಯಾನ್ ನದಿ

ಆ ಬೆಳಿಗ್ಗೆ ಶಿವಶರಣನ ಮನೆಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಎರಡು ಸಾವಿರದ ಮೂರರ ಬೇಸಿಗೆ. ಮದರಾಸಿನ ಕೆರೆಗಳ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅಡ್ಯಾರಿನ ಆ ಎಂಟು ಮನೆಗಳ ಕಟ್ಟಡದ ಬೋರ್‌ವೆಲ್ ಒಣಗಿ ಎರಡು ತಿಂಗಳಾಗಿತ್ತು. ಟ್ಯಾಂಕರ್ ತರಿಸುವ ಸರದಿ ಮನೆಗೊಂದು ವಾರ. ಈ ವಾರ ಶಿವಶರಣನದು. ನಿನ್ನೆ ಬರಬೇಕಿದ್ದ ಟ್ಯಾಂಕರ್ ಬಂದಿರಲಿಲ್ಲ.

ಉಳಿದ ಏಳು ಮನೆಯವರಿಗೆ ಇದರಿಂದ ಬರೀ ಬೆವರು, ಅವನ ತಾಯಿ ಕಲ್ಯಾಣಮ್ಮನಿಗೆ ಉಪವಾಸ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ತುತ್ತು ಎತ್ತಿದವಳಲ್ಲ. ಎಪ್ಪತ್ತೆಂಟರ ಜೀವ ನಿನ್ನೆಯಿಂದ ಬರಿಹೊಟ್ಟೆಯಲ್ಲಿ ಗೋಡೆಗೊರಗಿ ಕೂತಿತ್ತು.

"ಕುಡಿಯೋ ನೀರು ಎರಡು ತಂಬಿಗಿ ಅದಾವ. ಅದನ್ನ ಸುರಕೋ ಯವ್ವಾ" ಎಂದ ಶಿವಶರಣ.

"ಮೊಮ್ಮಕ್ಕಳ ಬಾಯಾಗಿಂದು ಕಸಗೊಂಡು ಮೈಮ್ಯಾಲೆ ಸುರಕೊಳ್ಳಲೇನು? ಒಂದು ಕೊಡ ನೀರು ತಾ. ಸಾಕು."

ಮೆಟ್ಟಿಲಲ್ಲಿ ಕಟ್ಟಡದ ಸೆಕ್ರೆಟರಿ ತಮ್ಮಯ್ಯ ಅಡ್ಡ ನಿಂತಿದ್ದರು. "ಏನ್ ಸಾರ್, ನೀರಿನ ಎಕ್ಸ್‌ಪರ್ಟು ಅಂತೀರಾ, ಒಂದ್ ಲಾರಿ ತಣ್ಣಿ ತರ್ಸಕ್ಕಾಗಲ್ವಾ?"

ಹೊಟ್ಟೆ ಉರಿಯುವ ಮಾತಾದರೂ ಸುಳ್ಳಲ್ಲ. ಶಿವಶರಣ ನಿಜವಾಗಿಯೂ ಜಲತಜ್ಞ. ಪೆರುಂಗುಡಿಯ ಒಂದು ಕನ್ಸಲ್ಟೆನ್ಸಿಯಲ್ಲಿ ಅವನ ಕೆಲಸ, ಯಾವ ನದಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕುವುದು. ಊರಿನ ಉತ್ತರಕ್ಕೆ, ಮಣಲಾರು ಎಂಬ ಒಣ ನದಿಯ ದಂಡೆಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುವವರಿದ್ದರು. ಅದಕ್ಕೆ ಬೇಕಾದಷ್ಟು ನೀರು ಆ ಕಡೆ ಎಲ್ಲೂ ಇಲ್ಲವೆಂದು ಶಿವಶರಣ ಬರೆದಿದ್ದ. ಮ್ಯಾನೇಜರ್ ಕೃಷ್ಣರಾಜ ಅದನ್ನು ತಿದ್ದಿ, ಚಂಡಮಾರುತ ಬಂದ ಒಂದೇ ವರ್ಷದ ಪ್ರವಾಹವನ್ನು ಹತ್ತು ವರ್ಷಕ್ಕೆ ಹಂಚಿ, ಕಾಗದದ ಮೇಲೆ ನದಿ ಹರಿಸಿದ. ಕೆಲಸ ಹೋದೀತೆಂಬ ಭಯಕ್ಕೆ ಶಿವಶರಣ ಸಹಿ ಹಾಕಿದ್ದ.

ಈ ಬೆಳಿಗ್ಗೆ ಆಫೀಸಿನ ಬಾಗಿಲಲ್ಲೇ ಕೃಷ್ಣರಾಜ ಅವನನ್ನು ಹಿಡಿದುಕೊಂಡ. "ಸ್ಥಾವರಕ್ಕೆ ಒಪ್ಪಿಗೆ ಕೊಡೋ ದಿಲ್ಲಿ ಕಮಿಟಿ ಇವತ್ತೇ ನದಿ ನೋಡಕ್ಕೆ ಬರ್ತಿದೆ ಕಣ್ರೀ."

"ನೋಡ್ಲಿ ಸಾರ್. ಮರಳು ತುಂಬ ಚೆನ್ನಾಗಿದೆ."

"ತಮಾಷೆ ಬೇಡ. ಸೇತುವೆ ಮೇಲಿಂದ ನೋಡಿದ್ರೆ ನೀರು ಕಾಣ್ಬೇಕು. ನಿಮಗೆ ಟ್ಯಾಂಕರ್‌ನವನು ಗೊತ್ತಲ್ವಾ? ಫೋನ್ ಮಾಡಿ."

ಶಿವಶರಣ ಮಾಡಿದ. ಐದು ಟ್ಯಾಂಕರ್ ಮಣಲಾರಿಗೆ. "ಆದ್ರೆ ಅಡ್ಯಾರಿನದು ಮೂರು ಗಂಟೆಗೆ ತಪ್ಪಬಾರದು" ಎಂದು ಮೂರು ಸಲ ಹೇಳಿದ.

ಸೇತುವೆಯ ಕೆಳಗೆ ಮರಳಿನ ಮೂಟೆ ಅಡ್ಡ ಇಟ್ಟು ಐದು ಟ್ಯಾಂಕರ್ ನೀರು ಸುರಿದರು. ಹನ್ನೊಂದಕ್ಕೆ ಬರಬೇಕಿದ್ದ ಕಮಿಟಿ ಒಂದೂವರೆಯಾದರೂ ಊಟದ ಎಲೆ ಬಿಟ್ಟು ಎದ್ದಿರಲಿಲ್ಲ. ವರ್ಷಗಟ್ಟಲೆ ಬಾಯಾರಿದ್ದ ಮರಳಿಗೆ ಯಾವ ಕಮಿಟಿಯ ಮುಲಾಜು? ಒಂದು ಎಮ್ಮೆ ಮಲಗುವಷ್ಟು ರಾಡಿ ಉಳಿಯಿತು.

ಕೃಷ್ಣರಾಜ ಬೆವರುತ್ತ ಮೊಬೈಲನ್ನು ಶಿವಶರಣನ ಕೈಗೆ ತುರುಕಿದ. "ಇನ್ನೊಂದು ಗಾಡಿ ತರ್ಸಿ! ಎಲ್ಲಿಗೆ ಹೊರಟಿದ್ರೂ ಸರಿ, ತಿರುಗಿಸು ಅನ್ನಿ!"

ಆ ಗಡಿಬಿಡಿಯಲ್ಲಿ ಶಿವಶರಣ ಅದನ್ನೇ ಅಕ್ಷರಕ್ಕಕ್ಷರ ಫೋನಿನಲ್ಲಿ ಒಪ್ಪಿಸಿದ.

ಕಾಲು ಗಂಟೆಗೆ ಟ್ಯಾಂಕರ್ ಬಂತು. ಅದರ ಮುಂಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ಅವನದೇ ಕಟ್ಟಡದ ವಿಳಾಸ.

"ಅಯ್ಯಯ್ಯೋ, ಇದು ನಮ್ಮ ಮನೆ ಗಾಡಿಯಪ್ಪಾ!"

"ನೀಂಗ ತಾನೆ ಸಾರ್ ತಿರುಪ್ಪ ಸೊನ್ನೀಂಗ?" ತಿರುಗಿಸಲು ಹೇಳಿದವರು ನೀವೇ ತಾನೆ ಎಂದು ಡ್ರೈವರ್ ನ್ಯಾಯವಾಗಿಯೇ ಕೇಳಿದ. ಪಕ್ಕದೂರಿನ ಬಾವಿಯಲ್ಲಿ ತುಂಬಿಸಿಕೊಂಡು ಅಡ್ಯಾರಿಗೆ ಹೊರಟಿದ್ದವನು ಅವನು. ಊರಿನವರ ಬಾವಿ ಬರಿದು ಮಾಡಿ ನದಿ ತುಂಬಿಸುತ್ತಿದ್ದೇವೆಂದು ಶಿವಶರಣನಿಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಆದರೆ ಅದಕ್ಕಿಂತ ಮೊದಲು ಅವ್ವನ ಮುಖ ಕಣ್ಣಿಗೆ ಬಂತು.

ಕೃಷ್ಣರಾಜ ಆಗಲೇ ಟ್ಯಾಂಕರಿನ ಪೈಪು ಬಿಚ್ಚಿಸಿಬಿಟ್ಟಿದ್ದ. ಡ್ರೈವರನ ಸೀಟಿನ ಹಿಂದೆ ಇಪ್ಪತ್ತು ಲೀಟರಿನ ಖಾಲಿ ಕ್ಯಾನೊಂದಿತ್ತು. ಬೇಡಿ ಇಸಿದುಕೊಂಡು, ಸುರಿಯುತ್ತಿದ್ದ ನೀರಿಗೊಡ್ಡಿ ತುಂಬಿಸಿದ. ಮುಚ್ಚಳ ಬಿಗಿದು ಜಾಲಿಯ ಮರೆಗೆ ಒಯ್ಯುವಷ್ಟರಲ್ಲಿ ಕಾರುಗಳು ಬಂದೇಬಿಟ್ಟವು.

ಕಮಿಟಿಯ ಅಧ್ಯಕ್ಷರು ಸೇತುವೆಯ ಮೇಲಿಂದ ನೋಡಿದರು. ಕೆಳಗೆ ನೀರು ಬಿಸಿಲಿಗೆ ಮಿನುಗುತ್ತಿತ್ತು. ಪ್ರಸನ್ನರಾಗಿ ಕೆಳಗಿಳಿದವರು, ಕ್ಯಾನನ್ನು ಕೂಸಿನಂತೆ ಅವುಚಿಕೊಂಡು ನಿಂತಿದ್ದ ಶಿವಶರಣನನ್ನು ಕಂಡು, ಏನದು ಎಂದರು.

ಶಿವಶರಣ ಬಾಯಿ ತೆರೆಯುವ ಮೊದಲೇ ಕೃಷ್ಣರಾಜನ ನಾಲಿಗೆ ಹೊರಳಿತು. "ಸ್ಯಾಂಪಲ್ ಸಾರ್! ನದಿ ನೀರಿನ ಸ್ಯಾಂಪಲ್. ನಮ್ಮ ಎಕ್ಸ್‌ಪರ್ಟ್ ನಿಮಗೋಸ್ಕರ ತೆಗೆದಿಟ್ಟಿದ್ದಾರೆ."

ಇಷ್ಟು ಶ್ರದ್ಧೆಯ ತಜ್ಞನನ್ನು ತಾವು ಕಂಡಿಲ್ಲವೆಂದರು ಅಧ್ಯಕ್ಷರು. ಕ್ಯಾನಿನ ಬಾಯಿಗೆ ಅರಗು ಬಿತ್ತು. 'ಮಣಲಾರು ನದಿ' ಎಂಬ ಚೀಟಿ ಅಂಟಿತು. ಚೀಟಿಯ ಮೇಲೆ ತಜ್ಞರ ಸಹಿ ಬೇಕಾಯಿತು. ಶಿವಶರಣ ಹಾಕಿದ. ಕಲ್ಯಾಣಮ್ಮನ ಸ್ನಾನದ ನೀರು ಕಾರಿನ ಡಿಕ್ಕಿಯಲ್ಲಿ ಕೂತು ದಿಲ್ಲಿಗೆ ಹೊರಟಿತು. ಅವನು ಹಿಂದಿರುಗಿ ನೋಡುವಷ್ಟರಲ್ಲಿ ನದಿಯನ್ನೂ ಮರಳು ಕುಡಿದು ಮುಗಿಸಿತ್ತು. ಟ್ಯಾಂಕರಿನಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

"ಸ್ಥಾವರಕ್ಕೆ ಒಪ್ಪಿಗೆ ಸಿಕ್ಕ ಹಾಗೇ ರೀ! ಆ ಕ್ಯಾನ್ ಐಡಿಯಾ ಇದೆಯಲ್ಲ, ಭೇಷ್!" ಎಂದು ಕೃಷ್ಣರಾಜ ಬೆನ್ನು ತಟ್ಟಿದ.

ಸಂಜೆ ಮೆಟ್ಟಿಲಲ್ಲಿ ತಮ್ಮಯ್ಯ ಕಾದಿದ್ದರು. "ಲಾರಿ ಬರ್ಲೇ ಇಲ್ಲ. ಮುಂದಿನ ವಾರಾನೂ ನಿಮ್ದೇ ಡ್ಯೂಟಿ ಸಾರ್, ಮೀಟಿಂಗಲ್ಲಿ ಪಾಸ್ ಆಗೋಯ್ತು." ಶಿವಶರಣ ತಲೆ ತಗ್ಗಿಸಿ ಒಳಗೆ ನಡೆದ.

ಕಲ್ಯಾಣಮ್ಮ ಗೋಡೆಯ ಬುಡದಲ್ಲೇ ಇದ್ದಳು. ದನಿ ಅರ್ಧವಾಗಿತ್ತು. "ತಂದ್ಯೇನೋ?"

"ಇಲ್ಲವ್ವಾ."

"ಹೊಳಿ ನೋಡಾಕ ಹೋಗ್ಯಾನ ಅಂದಳು ನಿನ್ನ ಹೆಂಡ್ತಿ. ಹೊಳ್ಯಾಗ ನೀರಿತ್ತೇನು?"

ಇಲ್ಲ ಎನ್ನಲು ಬಾಯಿ ತೆರೆದ. ಆದರೆ ಇದೆಯೆಂದು ಎರಡೆರಡು ಕಡೆ ಸಹಿ ಹಾಕಿ ಬಂದವನು.

"ಇತ್ತವ್ವಾ."

ಮುದುಕಿ ಮಗನನ್ನೇ ನೋಡಿದಳು. ಆಮೇಲೆ ಸೆರಗು ಹೊದ್ದು ಗೋಡೆಯ ಕಡೆ ಹೊರಳಿದಳು.

"ಇದ್ದ ನೀರಾಗ ಅವ್ವಗ ಒಂದು ಕೊಡ ತರಲಿಲ್ಲಲ್ಲೋ."